ಸ್ಪೀಕರಿನ ತಂತಿ: ಹಣ ಯಾವುದಕ್ಕೆ, ಮಾತು ಯಾವುದಕ್ಕೆ?

ಕಳೆದ ವರ್ಷ ಮಳೆಗಾಲಕ್ಕೆ ಮುನ್ನ ಮನೆಗೆ ಸುಣ್ಣಬಣ್ಣ ಮಾಡಿಸಿದೆವು. ಚಾವಡಿಯ ಗೋಡೆಗೆ ಬಣ್ಣ ಬಳಿಯಬೇಕಾದುದರಿಂದ ನನ್ನ ತೀರ್ಥರೂಪರ ಕಾಲದ ಸ್ಟೀರಿಯೋವನ್ನೂ ಅದರ ಎರಡು ಸ್ಪೀಕರ್ ಪೆಟ್ಟಿಗೆಗಳನ್ನೂ ಬಿಚ್ಚಿ ಒಳಗಿರಿಸಿದ್ದೆವು. ಕೆಲಸ ಮುಗಿದ ಮೇಲೆ ತಂತಿಗಳನ್ನು ನಾನೇ ಮರಳಿ ಜೋಡಿಸಿದೆ. ಆ ಸಂಜೆ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯಿದ್ದ ತಾಳಮದ್ದಳೆಯ ಹಳೆಯ ಕ್ಯಾಸೆಟ್ಟೊಂದನ್ನು ಹಾಕಿದಾಗ ಏನೋ ಕೊರತೆಯೆನಿಸಿತು. ಮದ್ದಳೆಯ ಗುಂಪು ಎಲ್ಲಿಯೋ ಕಳೆದುಹೋಗಿತ್ತು. ಮಾತು ಕೇಳಿಸುತ್ತಿತ್ತು, ಆದರೆ ಅದಕ್ಕೊಂದು ನೆಲೆಯಿರಲಿಲ್ಲ. ಏಳನೆಯ ತರಗತಿಯಲ್ಲಿ ಓದುತ್ತಿರುವ ಮಗಳು ಅದನ್ನು ನನಗಿಂತ ಚೆನ್ನಾಗಿ ಹೇಳಿದಳು: “ಅಪ್ಪಾ, ಶೇಣಿಯವರು ಎಲ್ಲಿ ಕೂತು ಮಾತಾಡ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ.”

ಮರುವಾರ ಕೆಲಸದ ಮೇಲೆ ದೊಡ್ಡ ಪಟ್ಟಣವೊಂದಕ್ಕೆ ಹೋದವನು ಅಲ್ಲಿಯ ಅಂಗಡಿಯೊಂದರಲ್ಲಿ ಈ ತೊಂದರೆಯನ್ನು ವಿವರಿಸಿದೆ. ಅಂಗಡಿಯವರು ಒಂದು ಕ್ಷಣವೂ ಯೋಚಿಸಲಿಲ್ಲ. “ತಂತಿ ಹಳೆಯದಾಗಿದೆ, ಇದನ್ನು ಹಾಕಿ, ಧ್ವನಿಗೆ ಜೀವ ಬರುತ್ತದೆ” ಎಂದು ಹೆಬ್ಬೆರಳಿನ ದಪ್ಪದ, ನೀಲಿ ಹೆಣಿಗೆಯ ಒಂದು ಜೊತೆ ಕೇಬಲನ್ನು ಕೈಗಿತ್ತರು. ಬೆಲೆ 6,400 ರೂಪಾಯಿ. ನನ್ನ ಮಗಳ ಶಾಲೆಯ ಒಂದು ವರ್ಷದ ಪುಸ್ತಕ, ಸಮವಸ್ತ್ರ, ಕೊಡೆ, ಚೀಲಗಳಿಗೆ ಕೂಡ ನಾವು ಅಷ್ಟನ್ನು ವೆಚ್ಚ ಮಾಡಿರಲಿಲ್ಲ. ಆದರೂ ತಂದೆಯವರ ನೆನಪಿನ ವಸ್ತುವೆಂಬ ಮೋಹದಿಂದ ಕೊಂಡು ತಂದೆ. ಜೋಡಿಸಿದೆ. ಶೇಣಿಯವರು ಇನ್ನೂ ಎಲ್ಲಿಯೂ ಕೂತಿರಲಿಲ್ಲ.

ಕೊನೆಗೆ ನೆರವಾದವರು ನಮ್ಮ ಪೇಟೆಯಲ್ಲಿ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು. ಅವರು ಹೊಸ ಕೇಬಲನ್ನು ನೋಡಲೂ ಇಲ್ಲ. ಸ್ಪೀಕರುಗಳ ತಂತಿಯನ್ನು ಬಿಡಿಸಿ, ಮುಂದಿನ ಬಟ್ಟೆಯ ಚೌಕಟ್ಟನ್ನು ತೆಗೆದು, ಗೋಡೆ ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್ಲನ್ನು ಹಿಂಭಾಗದ ತಿರುಪುಗಳಿಗೆ ಒಂದು ಕ್ಷಣ ಮುಟ್ಟಿಸಿದರು. ಒಂದು ಸ್ಪೀಕರಿನ ಕಾಗದದ ಶಂಕು ಮುಂದಕ್ಕೆ ನೆಗೆಯಿತು. ಇನ್ನೊಂದರದು ಹಿಂದಕ್ಕೆ ಸರಿಯಿತು. ಆ ಎರಡನೆಯ ಪೆಟ್ಟಿಗೆಯ ಹಿಂದಿನ ಕೆಂಪು ಕಪ್ಪು ಗುರುತುಗಳು ವರ್ಷಗಳ ತೇವದಲ್ಲಿ ಮಾಸಿಹೋಗಿದ್ದವು. ನಾನು ಅಂದಾಜಿನ ಮೇಲೆ ಪ್ಲಸ್ಸನ್ನು ಮೈನಸ್ಸಿಗೆ ಕೊಟ್ಟಿದ್ದೆ. ಹೊಸ ಕೇಬಲ್ ಹಾಕುವಾಗಲೂ ಅದೇ ತಪ್ಪನ್ನು ನಿಷ್ಠೆಯಿಂದ ಪುನರಾವರ್ತಿಸಿದ್ದೆ. ಒಂದು ಸ್ಪೀಕರ್ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿದ್ದರೆ ತಗ್ಗಿನ ಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ, ನಡುವಿನಿಂದ ಕೇಳಬೇಕಾದ ದನಿ ಚದುರುತ್ತದೆ. ಎರಡು ತಂತಿಗಳನ್ನು ಅದಲುಬದಲು ಮಾಡಿದೊಡನೆ ಮದ್ದಳೆ ಮರಳಿತು, ಶೇಣಿಯವರು ಚಾವಡಿಯ ನಟ್ಟನಡುವೆ ಬಂದು ಕುಳಿತರು. “ವಕೀಲರೇ, ರೋಗ ಕಾಲಿನಲ್ಲಿತ್ತು, ನೀವು ಮುಂಡಾಸು ಬದಲಿಸಿದಿರಿ” ಎಂದಷ್ಟೇ ಹೇಳಿ ಅವರು ಚಹಾ ಕುಡಿದು ಹೋದರು.

ಅಂದಿನಿಂದ ಈ ತಂತಿಯ ವಿಷಯವನ್ನು ಒಂದು ಮೊಕದ್ದಮೆಯಂತೆ ಎತ್ತಿಕೊಂಡು ಓದಿದೆ, ಅಳೆದೆ, ಮಗಳನ್ನೂ ಕೂರಿಸಿ ಲೆಕ್ಕ ಮಾಡಿಸಿದೆ. ನಮ್ಮ ಅನೇಕ ಮನೆಗಳಲ್ಲಿ ಹಿರಿಯರು ಬಿಟ್ಟುಹೋದ ಟೇಪು, ಸ್ಟೀರಿಯೋಗಳಿವೆ. ಕನ್ನಡದ ಸ್ಪಷ್ಟ ಉಚ್ಚಾರ ಮಕ್ಕಳ ಕಿವಿಗೆ ಬೀಳುವ ದಾರಿಗಳಲ್ಲಿ ಅವೂ ಒಂದು. ಅವನ್ನು ಉಳಿಸಿಕೊಳ್ಳಲು ಬಯಸುವವರ ಹಣ ನನ್ನದರಂತೆ ಪೋಲಾಗದಿರಲಿ ಎಂಬುದೇ ಈ ಬರಹದ ಉದ್ದೇಶ.

ತಂತಿ ಮಾಡುವ ಕೆಲಸವೇನು?

ಅಡಿಕೆ ತೋಟಕ್ಕೆ ನೀರು ಬಿಡುವವರಿಗೆ ಇದನ್ನು ವಿವರಿಸುವುದು ಸುಲಭ. ಟ್ಯಾಂಕಿನಿಂದ ತೋಟಕ್ಕೆ ಹೋಗುವ ಪೈಪು ಸಪೂರವಾಗಿದ್ದು ಉದ್ದವಾಗಿದ್ದರೆ ಕೊನೆಯ ಬುಡಕ್ಕೆ ನೀರಿನ ಒತ್ತಡ ಕುಗ್ಗುತ್ತದೆ. ಪೈಪು ಸಾಕಷ್ಟು ಅಗಲವಾದ ಮೇಲೆ ಅದನ್ನು ಇನ್ನೂ ಅಗಲಗೊಳಿಸಿದರೆ ಪ್ರಯೋಜನವಿಲ್ಲ. ಪೈಪಿಗೆ ಬೆಳ್ಳಿಯ ಕವಚ ಹೊದಿಸಿದರೆ ನೀರಿನ ರುಚಿಯೂ ಬದಲಾಗದು. ಸ್ಪೀಕರಿನ ತಂತಿಯೂ ಹಾಗೆಯೇ. ಆಂಪ್ಲಿಫೈಯರಿನಿಂದ ಹೊರಟ ವಿದ್ಯುತ್ತು ತಂತಿಯ ರೋಧವನ್ನು ದಾಟಿ ಸ್ಪೀಕರನ್ನು ಸೇರಬೇಕು. ದಾರಿಯಲ್ಲಿ ಕಳೆದುಹೋಗುವ ಪಾಲು ಅತ್ಯಲ್ಪವಾಗಿದ್ದರೆ ತಂತಿ ತನ್ನ ಕರ್ತವ್ಯವನ್ನು ಪೂರ್ತಿಯಾಗಿ ಮಾಡಿದಂತೆ.

ಎಷ್ಟು ಅಲ್ಪ? ಸ್ಪೀಕರಿನ ಹಿಂಭಾಗದಲ್ಲಿ 8 ಓಮ್, 6 ಓಮ್ ಅಥವಾ 4 ಓಮ್ ಎಂದು ಮುದ್ರಿಸಿರುತ್ತದೆ. ಹೋಗುವ ತಂತಿ, ಬರುವ ತಂತಿ ಎರಡೂ ಸೇರಿ ಇರುವ ರೋಧ ಆ ಸಂಖ್ಯೆಯ ನೂರಕ್ಕೆ ಐದನ್ನು ಮೀರದಿದ್ದರೆ ಸಾಕು ಎಂಬುದು ಬಲ್ಲವರು ಬಹುಕಾಲದಿಂದ ಪಾಲಿಸಿಕೊಂಡು ಬಂದ ಮಿತಿ. 8 ಓಮ್ ಸ್ಪೀಕರಿಗೆ ಅದು 0.4 ಓಮ್. ಆ ಮಿತಿಯಲ್ಲಿದ್ದಾಗ ಧ್ವನಿಯ ಮಟ್ಟದಲ್ಲಾಗುವ ಇಳಿಕೆ ಅರ್ಧ ಡೆಸಿಬೆಲ್ಲಿಗೂ ಕಡಿಮೆ.

ಇನ್ನು ತಂತಿಯ ರೋಧ. ನಮ್ಮ ದೇಶದ ಮಾನಕದಂತೆ ಬಳುಕುವ ತಾಮ್ರದ ತಂತಿಗೆ ಗರಿಷ್ಠ ರೋಧ ಎಷ್ಟಿರಬಹುದೆಂದು ನಿಗದಿಯಾಗಿದೆ: ಕಿಲೋಮೀಟರಿಗೆ 0.75 ಚದರ ಮಿಲಿಮೀಟರಿನ ತಂತಿಗೆ 26 ಓಮ್, 1 ಚದರ ಮಿಲಿಮೀಟರಿಗೆ 19.5, 1.5ಕ್ಕೆ 13.3, 2.5ಕ್ಕೆ 7.98, 4ಕ್ಕೆ 4.95. ಈ ಅಂಕಿಗಳನ್ನು ಮಗಳಿಗೆ ಕೊಟ್ಟು, 8 ಓಮ್ ಸ್ಪೀಕರಿಗೆ ಯಾವ ತಂತಿಯನ್ನು ಎಷ್ಟು ದೂರ ಒಯ್ಯಬಹುದೆಂದು ಲೆಕ್ಕ ಮಾಡಲು ಹೇಳಿದೆ. ಅವಳು ಅರ್ಧ ಗಂಟೆಯಲ್ಲಿ ಒಂದು ಸೂತ್ರವನ್ನೇ ಕಂಡುಹಿಡಿದಳು. ತಂತಿಯ ದಪ್ಪವನ್ನು, ಅಂದರೆ ಅಂಗಡಿಯವರು ‘ಸ್ಕ್ವೇರ್ ಎಂ.ಎಂ.’ ಎನ್ನುವ ಸಂಖ್ಯೆಯನ್ನು, ಹತ್ತರಿಂದ ಗುಣಿಸಿದರೆ ಬರುವುದೇ ಮೀಟರಿನಲ್ಲಿ ದೂರ. 1 ಚದರ ಮಿಲಿಮೀಟರಿಗೆ 10 ಮೀಟರ್, 1.5ಕ್ಕೆ 15 ಮೀಟರ್, 2.5ಕ್ಕೆ 25 ಮೀಟರ್, 4ಕ್ಕೆ 40 ಮೀಟರ್. ಸ್ಪೀಕರ್ 4 ಓಮಿನದಾದರೆ ಇದರಲ್ಲಿ ಅರ್ಧ. 6 ಓಮಿನದಾದರೆ ಮುಕ್ಕಾಲು. ಇದು ಆಂಪ್ಲಿಫೈಯರಿನಿಂದ ಸ್ಪೀಕರಿನವರೆಗಿನ ದೂರ. ಮರಳಿ ಬರುವ ತಂತಿಯನ್ನು ಲೆಕ್ಕದೊಳಗೇ ಸೇರಿಸಲಾಗಿದೆ.

ನಮ್ಮ ಚಾವಡಿಯಲ್ಲಿ ಸ್ಪೀಕರಿಗೆ ಇರುವ ದೂರ ಮೂರೂವರೆ ಮೀಟರ್. ಸೂತ್ರದ ಪ್ರಕಾರ ಅರ್ಧ ಚದರ ಮಿಲಿಮೀಟರಿನ ತಂತಿಯೂ ಅಲ್ಲಿ ಮಿತಿಯೊಳಗೇ ಇರುತ್ತದೆ. 1.5 ಹಾಕಿದರೆ ಧಾರಾಳವಾಯಿತು. ಹಳೆಯ ಅಂಗಡಿಗಳಲ್ಲಿ ಇಂದಿಗೂ ‘ನಲವತ್ತು ಎಪ್ಪತ್ತಾರು’ ಎಂಬ ಮಾತು ಕೇಳಿಬರುತ್ತದೆ. ಅದರ ಅರ್ಥ ಅಂಗುಲದ ಹತ್ತುಸಾವಿರದಲ್ಲಿ ಎಪ್ಪತ್ತಾರು ಭಾಗ ದಪ್ಪದ ನಲವತ್ತು ಎಳೆಗಳು ಎಂದು. ಒಟ್ಟು ಸುಮಾರು 1.17 ಚದರ ಮಿಲಿಮೀಟರ್. ಸಾಮಾನ್ಯ ಮನೆಯ ಕೋಣೆಗೆ ಅದೂ ಸಾಕು.

ಸಾಕ್ಷ್ಯ ಏನು ಹೇಳುತ್ತದೆ?

ದುಬಾರಿ ಕೇಬಲಿನ ಪರವಾಗಿ ಹಲವು ವಾದಗಳನ್ನು ಮುಂದಿಡುತ್ತಾರೆ. ನ್ಯಾಯಾಲಯದಲ್ಲಿ ಒಂದು ಸಂಗತಿ ನಿಜವೆಂದು ಪ್ರತಿಪಾದಿಸುವವನ ಮೇಲೆಯೇ ಅದನ್ನು ರುಜುವಾತುಪಡಿಸುವ ಹೊಣೆ ಇರುತ್ತದೆ. ಆ ನಿಯಮವನ್ನೇ ಇಲ್ಲಿಯೂ ಹಿಡಿಯೋಣ.

ಮೊದಲನೆಯದು ಬೆಳ್ಳಿ. ಬೆಳ್ಳಿ ತಾಮ್ರಕ್ಕಿಂತ ಉತ್ತಮ ವಾಹಕವೆಂಬುದು ಸತ್ಯ. ಆದರೆ ಎಷ್ಟು ಉತ್ತಮ? ನೂರಕ್ಕೆ ಐದಾರು ಪಾಲು ಮಾತ್ರ. ತಾಮ್ರದ ತಂತಿಯನ್ನು ಕೂದಲೆಳೆಯಷ್ಟು ದಪ್ಪ ಮಾಡಿದರೆ ಆ ವ್ಯತ್ಯಾಸ ಮುಗಿಯಿತು. ಎರಡನೆಯದು ‘ಆಮ್ಲಜನಕರಹಿತ ತಾಮ್ರ’. ಇದೂ ಇರುವ ವಸ್ತುವೇ, ಕೈಗಾರಿಕೆಯಲ್ಲಿ ಅದಕ್ಕೆ ಉಪಯೋಗವಿದೆ. ಆದರೆ ಮನೆಯ ವಯರಿಂಗಿಗೆ ಬಳಸುವ ಸಾಮಾನ್ಯ ವಿದ್ಯುತ್ ದರ್ಜೆಯ ತಾಮ್ರಕ್ಕೂ ಅದಕ್ಕೂ ವಾಹಕತೆಯಲ್ಲಿರುವ ಅಂತರ ನೂರಕ್ಕೆ ಒಂದರ ಆಸುಪಾಸು. ಮೂರನೆಯದು, ಎತ್ತರದ ಸ್ವರಗಳು ತಂತಿಯ ಹೊರಮೈಯಲ್ಲಷ್ಟೇ ಹರಿಯುತ್ತವೆಂಬ ವಾದ. ಮನುಷ್ಯನ ಕಿವಿಯ ಗರಿಷ್ಠ ಮಿತಿಯಾದ 20,000 ಹರ್ಟ್ಸ್‌ನಲ್ಲಿಯೂ ವಿದ್ಯುತ್ತು ತಾಮ್ರದ ಒಳಕ್ಕೆ ಸುಮಾರು ಅರ್ಧ ಮಿಲಿಮೀಟರಿನವರೆಗೆ ಇಳಿಯುತ್ತದೆ, 1.5 ಚದರ ಮಿಲಿಮೀಟರಿನ ತಂತಿಯ ಮೇಲ್ಮೈಯಿಂದ ನಡುವಿನವರೆಗೆ ಇರುವ ದೂರವೇ 0.7 ಮಿಲಿಮೀಟರ್. ಮನೆಯ ಕೆಲವು ಮೀಟರುಗಳಲ್ಲಿ ಇದರಿಂದಾಗುವ ಪರಿಣಾಮ ಗಣನೆಗೆ ಬಾರದು. ನಾಲ್ಕನೆಯದು, ಕೇಬಲಿನ ಮೇಲೆ ಬಾಣದ ಗುರುತು ಮುದ್ರಿಸಿ ‘ಇದೇ ದಿಕ್ಕಿನಲ್ಲಿ ಜೋಡಿಸಿ’ ಎನ್ನುವುದು. ಸ್ಪೀಕರಿಗೆ ಹೋಗುವುದು ಪರ್ಯಾಯ ವಿದ್ಯುತ್ತು. ಅದು ಪ್ರತಿ ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹಿಂದೆ ಮುಂದೆ ಚಲಿಸುತ್ತಲೇ ಇರುತ್ತದೆ. ಬಾಣ ಯಾರಿಗೆ ದಾರಿ ತೋರಿಸುತ್ತಿದೆಯೋ ತಿಳಿಯದು.

ಕೇಳುವವರ ಕಿವಿಯ ಸಾಕ್ಷ್ಯವನ್ನೂ ಪರಿಶೀಲಿಸಿದ್ದಾರೆ. ಅಮೆರಿಕದ ‘ಸ್ಟೀರಿಯೋ ರಿವ್ಯೂ’ ಪತ್ರಿಕೆಯ 1983ರ ಆಗಸ್ಟ್ ಸಂಚಿಕೆಯಲ್ಲಿ ಲಾರೆನ್ಸ್ ಗ್ರೀನ್‌ಹಿಲ್ ಅಂತಹ ಪರೀಕ್ಷೆಯೊಂದನ್ನು ವರದಿ ಮಾಡಿದರು. ಕೇಳುಗರಿಗೆ ಯಾವ ತಂತಿ ಜೋಡಣೆಯಾಗಿದೆಯೆಂದು ತಿಳಿಸದೆ, ವಿಶೇಷವಾದ ದಪ್ಪ ಕೇಬಲ್, ದೀಪದ ಸಾಮಾನ್ಯ ತಂತಿ, ಬಹಳ ಸಪೂರವಾದ ತಂತಿ ಇವುಗಳನ್ನು ಹೋಲಿಸಲಾಯಿತು. ಸಪೂರ ತಂತಿಯನ್ನು ಕೇಳುಗರು ಗುರುತಿಸಿದರು. ಸಂಗೀತವನ್ನು ಕೇಳುವಾಗ ದೀಪದ ತಂತಿಗೂ ವಿಶೇಷ ಕೇಬಲಿಗೂ ನಡುವೆ ಭೇದವನ್ನು ನೆಚ್ಚಬಹುದಾದಂತೆ ಗುರುತಿಸಲಾಗಲಿಲ್ಲ. ನಮ್ಮ ಪೈಪಿನ ಉಪಮೆ ಹೇಳುವುದೂ ಇದನ್ನೇ: ಸಪೂರವಾದರೆ ಕೆಡುಕು, ಸಾಕಷ್ಟಾದ ಮೇಲೆ ಎಲ್ಲವೂ ಒಂದೇ. ಮುಂದೆ 2007ರಲ್ಲಿ, ಪವಾಡಗಳ ಬಣ್ಣ ಬಯಲು ಮಾಡುವುದರಲ್ಲಿ ಹೆಸರಾದ ಜೇಮ್ಸ್ ರ‍್ಯಾಂಡಿ, 7,250 ಡಾಲರಿನ ಸ್ಪೀಕರ್ ಕೇಬಲೊಂದನ್ನು ಸಾಧಾರಣ ಕೇಬಲಿನಿಂದ ಕಿವಿಯಿಂದಲೇ ಬೇರ್ಪಡಿಸಿ ತೋರಿಸುವವರಿಗೆ ತಮ್ಮ ಪ್ರತಿಷ್ಠಾನದ ಹತ್ತು ಲಕ್ಷ ಡಾಲರಿನ ಬಹುಮಾನ ಸಲ್ಲುವುದೆಂದು ಸಾರಿದರು. ಮಾತುಕತೆ ನಡೆದು ಮುರಿದುಬಿತ್ತು; ಪರೀಕ್ಷೆ ನಡೆಯಲೇ ಇಲ್ಲ.

ನಿಜವಾದ ಮೋಸ ಎಲ್ಲಿದೆ?

ದುಬಾರಿ ಕೇಬಲ್ ಕೊಂಡವನಿಗೆ ಹಣ ಹೋದರೂ ತಂತಿಯಾದರೂ ಒಳ್ಳೆಯದೇ ಸಿಕ್ಕಿರುತ್ತದೆ. ಬಡವನ ಹಣಕ್ಕೆ ಸಂಚಕಾರ ತರುವ ವಸ್ತು ಬೇರೆಯಿದೆ. ಪಾರದರ್ಶಕ ಹೊದಿಕೆಯೊಳಗೆ ಕೆಂಪಗೆ ಹೊಳೆಯುವ, ಅಗ್ಗದ, ‘ಸ್ಪೀಕರ್ ವಯರ್’ ಎಂದೇ ಮಾರಾಟವಾಗುವ ಸುರುಳಿಗಳಲ್ಲಿ ಹಲವು ತಾಮ್ರದವಲ್ಲ. ಅಲ್ಯೂಮಿನಿಯಂ ಎಳೆಗಳ ಮೇಲೆ ತಾಮ್ರದ ತೆಳುವಾದ ಲೇಪವಿರುವಂತಹವು. ಅದೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಇವುಗಳ ರೋಧ ಒಂದೂವರೆ ಪಾಲಿಗೂ ಹೆಚ್ಚು. ಹೊದಿಕೆ ದಪ್ಪ, ಒಳಗಿನ ಎಳೆಗಳು ಕಡಿಮೆ ಎಂಬುದೂ ಉಂಟು. ಎಳೆಗಳು ಬೇಗ ತುಂಡಾಗುತ್ತವೆ. ಲೇಪ ಸವೆದಲ್ಲಿ ಕರಾವಳಿಯ ಉಪ್ಪುಗಾಳಿಗೆ ಬೇಗನೆ ಕೆಡುತ್ತವೆ.

ಕಂಡುಹಿಡಿಯುವುದು ಕಷ್ಟವಲ್ಲ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿರಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಹೊರಗೆ ಬೆಳ್ಳಗಿದ್ದು ಕೆರೆದಾಗ ಒಳಗೆ ಕೆಂಪಾಗಿದ್ದರೆ ಗಾಬರಿ ಬೇಡ. ಅದು ತವರದ ಕಲಾಯಿ ಹಾಕಿದ ತಾಮ್ರ, ನಮ್ಮ ತೇವದ ಊರುಗಳಿಗೆ ಒಳ್ಳೆಯದೇ. ಇನ್ನೂ ಖಚಿತವಾಗಬೇಕಾದರೆ ಒಂದು ಮೀಟರ್ ತಂತಿಯ ಹೊದಿಕೆ ಸುಲಿದು ಅಡುಗೆಮನೆಯ ಅಥವಾ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿರಿ. 1.5 ಚದರ ಮಿಲಿಮೀಟರಿನ ತಾಮ್ರ 12ರಿಂದ 13 ಗ್ರಾಂ ತೂಗುತ್ತದೆ. ಲೇಪದ ಅಲ್ಯೂಮಿನಿಯಂ ಐದು ಗ್ರಾಮಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಲ್ಲಕ್ಕಿಂತ ಸುಲಭವಾದ ದಾರಿಯೆಂದರೆ ಮನೆಯ ವಯರಿಂಗಿಗೆ ಬಳಸುವ, ಐಎಸ್ 694 ಎಂಬ ಸಂಖ್ಯೆಯೂ ಐ.ಎಸ್.ಐ. ಮುದ್ರೆಯೂ ಇರುವ, ಬಹು ಎಳೆಗಳ ತಾಮ್ರದ ತಂತಿಯನ್ನೇ ಕೊಳ್ಳುವುದು.

ಮನೆಯಲ್ಲೇ ಮಾಡುವ ಬಗೆ

ನಾನು ಕೊಂಡದ್ದು ಅದನ್ನೇ. 1.5 ಚದರ ಮಿಲಿಮೀಟರಿನ ಕೆಂಪು ತಂತಿ 8 ಮೀಟರ್, ಕಪ್ಪು ತಂತಿ 8 ಮೀಟರ್. ಮೀಟರಿಗೆ 22 ರೂಪಾಯಿಯಂತೆ ಒಟ್ಟು 352 ರೂಪಾಯಿ. ಪ್ರತಿಯೊಂದು ಸ್ಪೀಕರಿಗೆ ನಾಲ್ಕು ಮೀಟರ್ ಕೆಂಪು, ನಾಲ್ಕು ಮೀಟರ್ ಕಪ್ಪು ಕತ್ತರಿಸಿ, ಎರಡರ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಹಗ್ಗ ಹೊಸೆಯುವಂತೆ ತಿರುವಿದೆ. ಮೂರು ನಾಲ್ಕು ಸೆಂಟಿಮೀಟರಿಗೆ ಒಂದು ಸುತ್ತು ಬಂದರೆ ಸಾಕು. ಎರಡು ತಂತಿಗಳು ಹೀಗೆ ಒಂದಕ್ಕೊಂದು ಅಂಟಿಕೊಂಡಿದ್ದರೆ ಹೊರಗಿನ ವಿದ್ಯುತ್ ಗೊಂದಲ ಸುಲಭವಾಗಿ ಒಳಸೇರದು, ಬೇರೆಬೇರೆಯಾಗಿ ಹರಡಿ ಬಿದ್ದಾಗ ಎತ್ತರದ ಸ್ವರಗಳಿಗೆ ಉಂಟಾಗುವ ಅಡ್ಡಿಯೂ ತಗ್ಗುತ್ತದೆ. ಹೊಸೆದಾಗ ತಂತಿ ಸ್ವಲ್ಪ ಗಿಡ್ಡವಾಗುವುದರಿಂದ ನೂರಕ್ಕೆ ಹತ್ತರಷ್ಟು ಉದ್ದವನ್ನು ಮೊದಲೇ ಹೆಚ್ಚಿಗೆ ಇಟ್ಟುಕೊಳ್ಳಬೇಕು.

ತುದಿಯಲ್ಲಿ ಹನ್ನೆರಡು ಮಿಲಿಮೀಟರಿನಷ್ಟು ಹೊದಿಕೆ ಸುಲಿದು ಎಳೆಗಳನ್ನು ಬಿಗಿಯಾಗಿ ಹುರಿಮಾಡಬೇಕು. ಒಂದು ಎಳೆಯಾದರೂ ಹೊರಚಾಚಿ ಪಕ್ಕದ ತಿರುಪನ್ನು ಮುಟ್ಟಿದರೆ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ತಿರುಪಿನ ಕೆಳಗೆ ಹೋಗುವ ತುದಿಗೆ ಬೆಸುಗೆಯ ಸೀಸ ಹಾಕುವ ರೂಢಿ ಕೆಲವರಲ್ಲಿದೆ, ಅದು ಸರಿಯಲ್ಲ. ಸೀಸ ಮೆತ್ತಗಿನ ವಸ್ತುವಾದುದರಿಂದ ಒತ್ತಡಕ್ಕೆ ನಿಧಾನವಾಗಿ ಜರಗಿ ತಿರುಪು ಸಡಿಲವಾಗುತ್ತದೆ. ಬರಿಯ ತಾಮ್ರವನ್ನೇ ಹಾಕಿರಿ, ಇಲ್ಲವೇ ಎಲೆಕ್ಟ್ರಿಷಿಯನ್ನರು ಬಳಸುವ ಪಿನ್ ಲಗ್ ಕೂರಿಸಿ ಒತ್ತಿಸಿರಿ. ಕೆಂಪನ್ನು ಎರಡೂ ತುದಿಗಳಲ್ಲಿ ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಕೊಡಬೇಕು. ಗುರುತು ಮಾಸಿದ್ದರೆ, ತಂತಿ ಬಿಚ್ಚಿದ ಸ್ಪೀಕರಿನ ಮೇಲೆ ಮೊದಲು ಹೇಳಿದ ಸೆಲ್ಲಿನ ಪರೀಕ್ಷೆ ಮಾಡಿರಿ: ಶಂಕು ಮುಂದಕ್ಕೆ ನೆಗೆದಾಗ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಸ್ಪೀಕರಿನ ಪ್ಲಸ್. ಈ ಎಲ್ಲ ಕೆಲಸವನ್ನೂ ಆಂಪ್ಲಿಫೈಯರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲೆಯೇ ಮಾಡತಕ್ಕದ್ದು.

ಎರಡು ಎಚ್ಚರಿಕೆಗಳಿವೆ. ಬಳಸುವುದು ಮನೆಯ ವಯರಿಂಗಿನ ತಂತಿಯೇ ಆದುದರಿಂದ ಯಾರೂ ತಿಳಿಯದೆ ಅದರ ತುದಿಗೆ ಗೋಡೆಯ ಪ್ಲಗ್ ಜೋಡಿಸದಂತೆ, ಎರಡೂ ಕೊನೆಗಳಲ್ಲಿ ‘ಸ್ಪೀಕರ್’ ಎಂದು ಬರೆದು ಚೀಟಿ ಅಂಟಿಸಿರಿ. ಮಕ್ಕಳಿರುವ ಮನೆಯಲ್ಲಿ ಇದು ಅತ್ಯಗತ್ಯ. ಇನ್ನೊಂದು, ಮಳೆಗಾಲ. ಕಾಸರಗೋಡಿನಂತಹ ಕಡೆ ವರ್ಷಕ್ಕೆ ಮೂರುಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ತೆರೆದ ತಾಮ್ರದ ತುದಿ ಕಪ್ಪಾಗಿ, ಮತ್ತೆ ಹಸಿರಾಗಿ, ಸಂಪರ್ಕ ಕೆಡುತ್ತದೆ. ಎರಡು ವರ್ಷಕ್ಕೊಮ್ಮೆ ತುದಿಯ ಎರಡು ಸೆಂಟಿಮೀಟರ್ ಕತ್ತರಿಸಿ ಹೊಸದಾಗಿ ಸುಲಿದು ಬಿಗಿದರೆ, ‘ಹಳೆಯ ತಂತಿ’ ಹೊಸದೇ ಆಗುತ್ತದೆ. ಹಣ ಖರ್ಚಿಲ್ಲದ ಈ ಕೆಲಸ ಧ್ವನಿಗೆ ಮಾಡುವ ಉಪಕಾರವನ್ನು ನೀಲಿ ಹೆಣಿಗೆಯ ಕೇಬಲ್ ಮಾಡಲಾರದು.

ಶಾಲೆಯ ಸಭಾಂಗಣದಲ್ಲಿ

ಮನೆಯಲ್ಲಿ ತಂತಿಯ ದಪ್ಪ ಅಷ್ಟಾಗಿ ಬಾಧಿಸದು, ಶಾಲೆಯಲ್ಲಿ ಹಾಗಲ್ಲ. ಶಾಲಾ ವಾರ್ಷಿಕೋತ್ಸವಗಳಲ್ಲಿ ಆಂಪ್ಲಿಫೈಯರ್ ವೇದಿಕೆಯ ಬದಿಯಲ್ಲಿದ್ದು, ಸ್ಪೀಕರುಗಳು ಸಭಾಂಗಣದ ಹಿಂದಿನ ತುದಿಯಲ್ಲಿರುವುದುಂಟು. ದೂರ 30 ಮೀಟರ್ ಎಂದಿಟ್ಟುಕೊಳ್ಳೋಣ. ಅಲ್ಲಿಗೆ ಅಗ್ಗದ ಅರ್ಧ ಚದರ ಮಿಲಿಮೀಟರಿನ ತಂತಿ ಎಳೆದರೆ ರೋಧ 2.34 ಓಮಿನವರೆಗೆ ಏರುತ್ತದೆ. 8 ಓಮಿನ ಒಂದೇ ಸ್ಪೀಕರ್ ಇದ್ದರೆ ಅದನ್ನು ತಲುಪುವ ಶಕ್ತಿ, ತಂತಿಯಿಲ್ಲದೆ ನೇರವಾಗಿ ಸಿಗುವುದರ ನೂರಕ್ಕೆ 60 ಪಾಲು. ಅಂತಹ ಎರಡು ಸ್ಪೀಕರುಗಳನ್ನು ಅದೇ ತಂತಿಗೆ ಸಮಾಂತರವಾಗಿ ಜೋಡಿಸಿದರೆ ಉಳಿಯುವುದು 40 ಪಾಲು. ಆಗ ನಾವೇನು ಮಾಡುತ್ತೇವೆ? ಧ್ವನಿಯನ್ನು ಏರಿಸುತ್ತೇವೆ. ಆಂಪ್ಲಿಫೈಯರ್ ಮಿತಿಮೀರಿ ದುಡಿದು ಧ್ವನಿ ಒಡೆಯುತ್ತದೆ. ಪುಟ್ಟ ಮಕ್ಕಳ ಭಾಷಣದ ಒತ್ತಕ್ಷರ, ಮಹಾಪ್ರಾಣಗಳು ಹಿಂದಿನ ಸಾಲಿಗೆ ಬರಿಯ ಕಿರುಚಾಟವಾಗಿ ಮುಟ್ಟುತ್ತವೆ. ತಿಂಗಳುಗಟ್ಟಲೆ ಕಲಿತ ಮಾತು ಕೊನೆಯ 30 ಮೀಟರಿನಲ್ಲಿ ಹಾಳಾಗುವುದೆಂದರೆ ವ್ಯಸನದ ವಿಷಯ.

ಇದಕ್ಕೆ ಮೂರು ಪರಿಹಾರಗಳಿವೆ. ಒಂದು, ಸ್ಪೀಕರುಗಳನ್ನು ವೇದಿಕೆಯ ಹತ್ತಿರಕ್ಕೆ ತಂದು ತಂತಿಯನ್ನು ಗಿಡ್ಡ ಮಾಡುವುದು. ಎರಡು, ಮಗಳ ಸೂತ್ರದಂತೆ ಒಂದೊಂದು ಸ್ಪೀಕರಿಗೂ ಬೇರೆಬೇರೆಯಾಗಿ 4 ಚದರ ಮಿಲಿಮೀಟರಿನ ತಾಮ್ರವನ್ನು ಎಳೆಯುವುದು. ಮೂರು, ಸಭಾಂಗಣದ ಆಂಪ್ಲಿಫೈಯರುಗಳಲ್ಲಿ ಸಾಮಾನ್ಯವಾಗಿರುವ 100 ವೋಲ್ಟಿನ ಲೈನನ್ನು, ಅದಕ್ಕೆ ಹೊಂದುವ ಟ್ರಾನ್ಸ್‌ಫಾರ್ಮರ್ ಇರುವ ಸ್ಪೀಕರುಗಳೊಂದಿಗೆ ಬಳಸುವುದು. 100 ವಾಟ್ ಶಕ್ತಿಯನ್ನು 8 ಓಮಿಗೆ ನೇರವಾಗಿ ಕಳುಹಿಸಲು ಮೂರೂವರೆ ಆಂಪಿಯರ್ ಬೇಕು. 100 ವೋಲ್ಟಿನ ಲೈನಿನಲ್ಲಿ ಒಂದೇ ಆಂಪಿಯರ್ ಸಾಕು. ಪ್ರವಾಹ ಇಳಿದಂತೆ ತಂತಿಯಲ್ಲಾಗುವ ನಷ್ಟ ಅದರ ವರ್ಗದಂತೆ ಇಳಿದು, ಇಲ್ಲಿ ಹನ್ನೆರಡರಲ್ಲಿ ಒಂದು ಪಾಲಾಗುತ್ತದೆ. ಆದರೆ 100 ವೋಲ್ಟ್ ಕೈಗೆ ತಗುಲಿದರೆ ಅಪಾಯ. ಆ ಕೆಲಸವನ್ನು ತಿಳಿದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು, ಮಕ್ಕಳನ್ನು ದೂರವಿಡಬೇಕು.

ಕಾನೂನು ಎಲ್ಲಿಯವರೆಗೆ ಕೈಹಿಡಿಯುತ್ತದೆ?

ನನ್ನ 6,400 ರೂಪಾಯಿಗಾಗಿ ನಾನೇಕೆ ದಾವೆ ಹೂಡಲಿಲ್ಲವೆಂದು ಗೆಳೆಯರು ಕೇಳಿದ್ದುಂಟು. ಉತ್ತರ ಸರಳ: ನನ್ನ ಪಕ್ಷ ದುರ್ಬಲವಾಗಿತ್ತು. ‘ಧ್ವನಿಗೆ ಜೀವ ಬರುತ್ತದೆ’ ಎಂಬುದು ವ್ಯಾಪಾರಿಯ ಹೊಗಳಿಕೆ, ಒಂದು ಅಭಿಪ್ರಾಯ. ಅದನ್ನು ಸುಳ್ಳೆಂದು ಸಾಧಿಸುವುದು ಕಷ್ಟ. ಕೇಬಲಿನಲ್ಲಿ ದೋಷವಿರಲಿಲ್ಲ, ತಪ್ಪು ಜೋಡಣೆ ನನ್ನದು. ಆದರೆ ‘ಶುದ್ಧ ತಾಮ್ರ’ ಎಂದು ಬರೆದು ಅಲ್ಯೂಮಿನಿಯಂ ಮಾರಿದರೆ, 2.5 ಎಂದು ಮುದ್ರಿಸಿ 1.5 ಕೊಟ್ಟರೆ, 100 ಮೀಟರ್ ಎಂದು ಹೇಳಿ 90 ಅಳೆದರೆ, ಅವು ಅಭಿಪ್ರಾಯಗಳಲ್ಲ; ಅಳೆದು, ತೂಗಿ, ಕೆರೆದು ಸಾಧಿಸಬಹುದಾದ ಸಂಗತಿಗಳು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿ ಸರಕಿನ ಗುಣಮಟ್ಟ, ಪ್ರಮಾಣಗಳ ಬಗ್ಗೆ ಸುಳ್ಳು ಹೇಳುವುದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಬಿಲ್ಲು ಕೊಡದಿರುವುದು ಕೂಡ ಹಾಗೆಯೇ.

ಅಂತಹ ಪ್ರಸಂಗದಲ್ಲಿ ನೀವು ವಾಸವಾಗಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಸರಕು ದೂರದ ಊರಿನಿಂದ ಅಥವಾ ಅಂತರ್ಜಾಲದ ಮೂಲಕ ಬಂದಿದ್ದರೂ ಅಡ್ಡಿಯಿಲ್ಲ. ತೆತ್ತ ಬೆಲೆ ಐದು ಲಕ್ಷ ರೂಪಾಯಿಯವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಲೇಬೇಕೆಂದಿಲ್ಲ; ನನ್ನ ವೃತ್ತಿಯವರಿಗೆ ಇದು ಪ್ರಿಯವಾದ ಮಾತಲ್ಲವಾದರೂ ಸತ್ಯ. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಬಿಲ್ಲು, ಸುರುಳಿಯ ಮೇಲಿನ ಚೀಟಿ, ಕತ್ತರಿಸಿದ ಒಂದು ತುಂಡು ಇವನ್ನು ಜೋಪಾನವಾಗಿ ಇರಿಸಿರಿ. ಬಿಲ್ಲಿನಲ್ಲಿ ಬರಿಯ ‘ವಯರ್’ ಎಂದು ಬರೆಸದೆ ‘ತಾಮ್ರ, 1.5 ಚದರ ಮಿ.ಮೀ., ಇಷ್ಟು ಮೀಟರ್’ ಎಂದು ಬರೆಸಿಕೊಂಡರೆ ಅರ್ಧ ಮೊಕದ್ದಮೆ ಅಲ್ಲಿಯೇ ಗೆದ್ದಂತೆ.

ಕಿವಿಗೆ ಒಂದು ಪರೀಕ್ಷೆ

ಎರಡೂ ಕೇಬಲುಗಳು ಮನೆಯಲ್ಲಿದ್ದುದರಿಂದ ಒಂದು ಭಾನುವಾರ ನಾವೇ ಪರೀಕ್ಷೆ ನಡೆಸಿದೆವು. ಸ್ಟೀರಿಯೋದ ಹಿಂದೆ ಹೆಂಡತಿ, ಅಡ್ಡಕ್ಕೊಂದು ಬೆಡ್‌ಶೀಟು, ಮುಂದೆ ನಾನೂ ಮಗಳೂ. ಪ್ರತಿ ಸುತ್ತಿಗೂ ಅವಳು ನಾಣ್ಯ ಚಿಮ್ಮಿ, ತಲೆ ಬಿದ್ದರೆ 6,400ರ ಕೇಬಲ್, ಬಾಲ ಬಿದ್ದರೆ 352ರ ತಂತಿ ಜೋಡಿಸಿ ಕಾಗದದಲ್ಲಿ ಬರೆದುಕೊಂಡಳು. ಧ್ವನಿಯ ಗುಬುಟನ್ನು ಯಾರೂ ಮುಟ್ಟಲಿಲ್ಲ; ಪ್ರತಿ ಬದಲಾವಣೆಗೂ ಆಂಪ್ಲಿಫೈಯರ್ ಆರಿಸಿದೆವು. ಹತ್ತು ಸುತ್ತುಗಳಲ್ಲಿ ಮಗಳು ಆರನ್ನು ಸರಿಯಾಗಿ ಹೇಳಿದಳು, ನಾನು ನಾಲ್ಕನ್ನು. ಬರಿಯ ಊಹೆಯಿಂದಲೂ ಹತ್ತರಲ್ಲಿ ಐದರ ಆಸುಪಾಸು ಸರಿಯಾಗುತ್ತದೆ. ಒಂಬತ್ತು ಅಥವಾ ಹತ್ತು ಸರಿಯಾಗಿದ್ದರೆ ಮಾತು ಬೇರೆ. ಊಹೆಯಿಂದ ಅದು ಸಾಧ್ಯವಾಗುವುದು 1024 ಸಲಗಳಲ್ಲಿ 11 ಸಲ ಮಾತ್ರ. ಅಂತಹ ಕಿವಿ ನಮ್ಮಿಬ್ಬರಿಗೂ ಇಲ್ಲವೆಂದು ಒಪ್ಪಿಕೊಂಡೆವು. ನಮ್ಮದು ಮನೆಯ ಆಟವೇ ಹೊರತು ಪ್ರಯೋಗಶಾಲೆಯ ತೀರ್ಪಲ್ಲ. ಆದರೆ ನಮ್ಮ ಹಣದ ಮಟ್ಟಿಗೆ ನಮಗೆ ಬೇಕಾದ ಉತ್ತರ ಸಿಕ್ಕಿತು.

“ಹಾಗಾದರೆ ಅಪ್ಪಾ, ಮಿಕ್ಕ 6,048 ರೂಪಾಯಿ ಯಾವುದಕ್ಕೆ?” ಎಂದು ಮಗಳು ಕೇಳಿದಳು. ವ್ಯವಕಲನ ಸರಿಯಾಗಿತ್ತು. ಉತ್ತರ ಹೇಳುವುದು ನನಗೆ ಅಷ್ಟು ಸುಲಭವಾಗಲಿಲ್ಲ. ಈಗ ಆ ನೀಲಿ ಕೇಬಲ್ ಕಪಾಟಿನಲ್ಲಿದೆ. ಚಾವಡಿಯಲ್ಲಿ ಕೆಂಪು ಕಪ್ಪಿನ ಹುರಿ ಕೆಲಸ ಮಾಡುತ್ತಿದೆ. ಮಗಳ ಹತ್ತರ ಸೂತ್ರವನ್ನು ಕಳೆದ ವಾರ ಅವಳ ಶಾಲೆಯ ಮುಖ್ಯೋಪಾಧ್ಯಾಯರು ಸಭಾಂಗಣದ ತಂತಿಗಾಗಿ ಬರೆಸಿಕೊಂಡರು. ಈ ಬಾರಿಯ ವಾರ್ಷಿಕೋತ್ಸವದಲ್ಲಿ ನಾನು ಹಿಂದಿನ ಸಾಲಿನಲ್ಲಿಯೇ ಕುಳಿತುಕೊಳ್ಳುವವನಿದ್ದೇನೆ.